ತಣಿಯುವ ಮೊದಲೇ ಬಿಚ್ಚಿದ ಸುರುಳಿ

"ನನ್ನ ಕೂದಲಿಗೆ ಕರ್ಲ್ ನಿಲ್ಲುವುದೇ ಇಲ್ಲ" ಎನ್ನುತ್ತ ನನ್ನೆದುರಿನ ಕುರ್ಚಿಯಲ್ಲಿ ಕೂರುವವರು ಬಹುಪಾಲು ಸೊಂಟದವರೆಗೆ ಕೂದಲು ಬೆಳೆಸಿದವರು. ಮನೆಯಲ್ಲಿ ಹೇಗೆ ಮಾಡುತ್ತೀರಿ, ತೋರಿಸಿ ಎಂದು ಕೂದಲನ್ನು ಸುತ್ತಿ ಬಿಸಿಯಿಂದ ಸುರುಳಿ ಮಾಡುವ ಕರ್ಲಿಂಗ್ ಐರನ್ ಅನ್ನು ಅವರ ಕೈಗೇ ಕೊಡುತ್ತೇನೆ. ಸುತ್ತುವುದರಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಐರನ್ ತೆಗೆದ ಮರುಕ್ಷಣವೇ ಸುರುಳಿಯನ್ನು ಇಳಿಬಿಟ್ಟು, ಬೆರಳು ತೂರಿಸಿ ಬಿಡಿಸಿ, ಕನ್ನಡಿ ನೋಡಿ ನಗುತ್ತಾರೆ. ಸುರುಳಿ ಇಳಿದುಹೋದಾಗ ಶಾಖ ಹೆಚ್ಚಿಸುತ್ತಾರೆ. ನನ್ನ ಸಹನೆ ಕೆಡುವುದು ಇಲ್ಲಿಯೇ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಹಿಡಿದಿಟ್ಟಿರುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ದುರ್ಬಲ. ಬಿಸಿಗೂ ಸಡಿಲುತ್ತವೆ, ನೀರಿಗೂ ಸಡಿಲುತ್ತವೆ. ಐರನ್‌ನ ಕೆಲಸ ಅಲ್ಲಿಗೆ ಮುಗಿಯಿತು. ಸಡಿಲಿದ ಬಂಧಗಳು ಮತ್ತೆ ಕೂಡಿಕೊಳ್ಳುವುದು ಕೂದಲು ತಣಿಯುವಾಗ. ಆಗ ಕೂದಲು ಸುರುಳಿಯಾಗಿದ್ದರೆ ಸುರುಳಿ ನಿಲ್ಲುತ್ತದೆ, ಜೋತು ಬಿದ್ದಿದ್ದರೆ ಜೋತೇ ನಿಲ್ಲುತ್ತದೆ. ಗಿಡ್ಡ ಕೂದಲಿನವರು ಈ ಅವಸರ ಮಾಡಿಯೂ ಪಾರಾಗಬಹುದು. ಉದ್ದ ಕೂದಲು ಬಿಸಿಯಿರುವಾಗಲೇ ತನ್ನ ಭಾರಕ್ಕೆ ತಾನೇ ಎಳೆದುಕೊಳ್ಳುತ್ತದೆ.

ಆದ್ದರಿಂದ ಐರನ್‌ನಿಂದ ಜಾರಿಸಿದ ಸುರುಳಿಯನ್ನು ಅಂಗೈಯಲ್ಲಿ ಹಿಡಿದು, ಅದೇ ದಿಕ್ಕಿಗೆ ಸುತ್ತಿ, ತಲೆಗೆ ಒತ್ತಿ ಕ್ಲಿಪ್ ಹಾಕಿ. ಕೊನೆಯ ಜೊಂಪೆಯೂ ತಣಿಯುವವರೆಗೆ ಮೊದಲನೆಯದನ್ನೂ ಬಿಚ್ಚಬೇಡಿ. ಹೊರಗೆ ತಣ್ಣಗಿದ್ದರೂ ಸುರುಳಿಯ ಒಳಭಾಗ ಬೆಚ್ಚಗಿರಬಹುದು. ಬೆರಳು ಒಳಗಿಟ್ಟು ನೋಡಿ. ಸಮಾರಂಭಕ್ಕೆ ಹೊರಟಿದ್ದ ಒಬ್ಬರು ನಾನು ಅತ್ತ ತಿರುಗಿದಾಗ ಕಿವಿಯ ಮೇಲಿನ ಒಂದು ಕ್ಲಿಪ್ ಕದ್ದು ಬಿಚ್ಚಿಕೊಂಡಿದ್ದರು. ಸಂಜೆ ಫೋಟೊ ಕಳಿಸಿ, ಅದೊಂದು ಜೊಂಪೆಯನ್ನು ಮಾತ್ರ ನಾನು ಸರಿಯಾಗಿ ಮಾಡಿಲ್ಲವೆಂದು ದೂರಿದರು! ಇಂಥವರ ಮೇಲೆ ಸಿಟ್ಟು ಬರುವುದಿಲ್ಲ. ಈಗ ಅವರ ಕೈಗೆ ಪತ್ರಿಕೆ ಕೊಟ್ಟು ಕೂರಿಸುತ್ತೇನೆ.

ಶಾಖದ ಬಗ್ಗೆ ಎಲ್ಲರಿಗೂ ಹೊಂದುವ ಒಂದೇ ಅಂಕಿ ಕೊಡಲಾರೆ. ತೆಳು ಕೂದಲಿಗೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು, ದಪ್ಪ ಕೂದಲಿಗೆ 180ರ ಆಸುಪಾಸಿನಿಂದ ಆರಂಭಿಸುವುದು ನನ್ನ ರೂಢಿ. ಬಣ್ಣ ಹಾಕಿಸಿದ್ದರೆ ಅಥವಾ ರಾಸಾಯನಿಕವಾಗಿ ನೇರಗೊಳಿಸಿದ್ದರೆ ಅದನ್ನು ಮಾಡಿದವರನ್ನೇ ಕೇಳುವುದು ಕ್ಷೇಮ. ಅತಿ ಶಾಖಕ್ಕೆ ಕೆರಾಟಿನ್ನೇ ಹಾಳಾಗುತ್ತದೆ. ಎಷ್ಟು ಎಣ್ಣೆ ಸವರಿದರೂ ಅದು ಮೊದಲಿನಂತಾಗದು. ಒದ್ದೆ ಕೂದಲಿಗಂತೂ ಐರನ್ ಮುಟ್ಟಿಸಲೇಬೇಡಿ. ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆ ಏಳಬಹುದು, ಕೂದಲು ಅಲ್ಲೇ ತುಂಡಾಗಬಹುದು.

ವಿದ್ಯುತ್ ಇಲ್ಲದ ಕಾಲದಲ್ಲಿ, 19ನೇ ಶತಮಾನದ ಪ್ಯಾರಿಸ್‌ನಲ್ಲಿ, ಕೇಶವಿನ್ಯಾಸಕ ಮಾರ್ಸೆಲ್ ಗ್ರಾತೋ ಉರಿಯ ಮೇಲೆ ಕಾಯಿಸಿದ ಇಕ್ಕಳದಿಂದಲೇ ಅಲೆಗೂದಲು ಮಾಡಿ ಹೆಸರಾದ. ಅಂಥ ಇಕ್ಕಳಗಳ ಬಿಸಿಯನ್ನು ಮೊದಲು ಕಾಗದಕ್ಕೆ ಮುಟ್ಟಿಸಿ ಪರೀಕ್ಷಿಸುತ್ತಿದ್ದರು. ಕಾಗದ ಕಂದಿದರೆ ಇಕ್ಕಳ ತಣಿಯಲೆಂದು ಕಾಯುತ್ತಿದ್ದರು. ಬಿಸಿಯನ್ನು ಅಂಕಿಯಲ್ಲೇ ತೋರಿಸುವ ಐರನ್ ಕೈಯಲ್ಲಿರುವ ನಾವು ಅದನ್ನು ತುತ್ತತುದಿಗೆ ತಿರುಗಿಸಿಡುತ್ತೇವೆ.

ಇನ್ನು ಐರನ್‌ನ ಗಾತ್ರ: ಉದ್ದ ಕೂದಲಿಗೆ 32 ಮಿಲಿಮೀಟರ್ ವ್ಯಾಸದ ಐರನ್‌ನಿಂದ ಮಾಡಿದ ಸುರುಳಿ ಇಳಿಯುತ್ತಿದ್ದರೆ 25ರದನ್ನು ಪ್ರಯತ್ನಿಸಿ. ಮಳೆಗೆ ಮಾತ್ರ ನನ್ನ ಬಳಿ ಉಪಾಯವಿಲ್ಲ. ಬಿಸಿ ಸಡಿಲಿಸಿದ ಬಂಧವನ್ನೇ ನೀರೂ ಸಡಿಲಿಸುತ್ತದೆ. ನೆನೆಯುವುದು ಖಚಿತವಾಗಿದ್ದರೆ ಆ ದಿನ ಜಡೆ ಹೆಣೆದುಕೊಳ್ಳಿ.