ಚಹಾದ ಸುಂಕ ಏರಿರಲಿಲ್ಲ, ಮಾರಾಯರೇ

ಬಜೆಟ್ ಮಂಡನೆಯಾದ ವಾರ ನನ್ನ ಕಚೇರಿಗೆ ಬರುವ ಆಮದುದಾರರಲ್ಲಿ ಒಬ್ಬರಾದರೂ ಬಾಸ್ಟನ್ನಿನ ಚಹಾ ಪ್ರಸಂಗ ಎತ್ತುತ್ತಾರೆ. “ಸುಂಕ ಏರಿಸಿದ್ದಕ್ಕೆ ಅಮೆರಿಕದವರು ಚಹಾವನ್ನೇ ಸಮುದ್ರಕ್ಕೆ ಸುರಿದರು, ನಾವು ತೆಪ್ಪಗೆ ಕಟ್ಟುತ್ತೇವೆ” ಎನ್ನುತ್ತಾರೆ. ಮಂಗಳೂರಿನಲ್ಲಿ ಕಸ್ಟಮ್ಸ್ ಏಜೆಂಟನಾಗಿ ಇಪ್ಪತ್ತು ವರ್ಷ ಕಳೆದಿರುವ ನಾನು ಅಷ್ಟೂ ವರ್ಷ ಹೇಳುತ್ತಲೇ ಇದ್ದೇನೆ: ಸುಂಕ ಏರಿರಲಿಲ್ಲ. ಚಹಾ ಅಗ್ಗವಾಗಿತ್ತು.

ಆಗ ಬ್ರಿಟನ್ನಿನ ವಸಾಹತಾಗಿದ್ದ ಅಮೆರಿಕದಲ್ಲಿ ಚಹಾದ ಮೇಲೆ ಪೌಂಡ್ ತೂಕಕ್ಕೆ ಮೂರು ಪೆನ್ಸ್ ಸುಂಕ 1767ರಿಂದಲೇ ಇತ್ತು. 1770ರಲ್ಲಿ ಗಾಜು, ಕಾಗದ, ಸೀಸ, ಬಣ್ಣದ ಸುಂಕ ಕೈಬಿಟ್ಟ ಬ್ರಿಟಿಷ್ ಸಂಸತ್ತು, ತೆರಿಗೆ ಹಾಕುವ ಹಕ್ಕು ತನ್ನದೆಂದು ತೋರಿಸಲು ಚಹಾದ್ದನ್ನು ಮಾತ್ರ ಉಳಿಸಿಕೊಂಡಿತು. 1773ರ ಚಹಾ ಕಾಯ್ದೆ ಆ ಮೂರು ಪೆನ್ಸನ್ನು ಮುಟ್ಟಲೇ ಇಲ್ಲ. ಗೋದಾಮಿನ ತುಂಬ ಮಾರಾಟವಾಗದ ಚಹಾ ಇಟ್ಟುಕೊಂಡು ಒದ್ದಾಡುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಗೆ, ಅಂದರೆ ನಾಲ್ಕು ವರ್ಷ ಹಿಂದೆ ಮದ್ರಾಸಿನ ಬಾಗಿಲಲ್ಲಿ ಹೈದರಾಲಿಯೊಡನೆ ಒಪ್ಪಂದಕ್ಕೆ ಇಳಿದಿದ್ದ ಅದೇ ಕಂಪನಿಗೆ, ಅಮೆರಿಕಕ್ಕೆ ಕಳುಹಿಸುವ ಚಹಾದ ಮೇಲಿನ ಇಂಗ್ಲೆಂಡಿನ ಆಮದು ಸುಂಕ ಪೂರ್ತಿ ಮರಳುವಂತಾಯಿತು. ನಮ್ಮ ಕಸ್ಟಮ್ಸ್ ಭಾಷೆಯಲ್ಲಿ ಡ್ರಾಬ್ಯಾಕ್. ಚಹಾ ಅಗ್ಗವಾದದ್ದು ಹೀಗೆ. ಜೊತೆಗೆ, ತಾನೇ ಆರಿಸಿದ ಏಜೆಂಟರಿಗೆ ನೇರವಾಗಿ ಸರಕು ಕಳುಹಿಸುವ ಅನುಮತಿ. ಬಾಸ್ಟನ್ನಿನ ಏಜೆಂಟರ ಪಟ್ಟಿಯಲ್ಲಿ ಗವರ್ನರ್ ಹಚಿನ್ಸನ್ನರ ಇಬ್ಬರು ಗಂಡುಮಕ್ಕಳಿದ್ದರು!

ಅಮೆರಿಕದವರು ಅಗ್ಗವೆಂದು ಕೊಂಡರೆ ಮೂರು ಪೆನ್ಸ್ ಕಟ್ಟಿದಂತೆ. ಕಟ್ಟಿದರೆ, ತಮ್ಮ ಒಬ್ಬ ಪ್ರತಿನಿಧಿಯೂ ಇಲ್ಲದ ಸಂಸತ್ತಿನ ಹಕ್ಕನ್ನು ಒಪ್ಪಿದಂತೆ. ಬಲೆ ಇದ್ದದ್ದು ಇಲ್ಲಿ, ದರದಲ್ಲಲ್ಲ. ಡಚ್ಚರ ಚಹಾವನ್ನು ಕಳ್ಳಸಾಗಣೆಯಲ್ಲಿ ತರಿಸುತ್ತಿದ್ದ ವ್ಯಾಪಾರಿಗಳ ಹೊಟ್ಟೆಯುರಿ ಎಷ್ಟು, ತತ್ವ ಎಷ್ಟು ಎಂದು ತೂಗುವ ಕೆಲಸ ಇತಿಹಾಸಕಾರರದು. ಎರಡೂ ಇದ್ದವು ಎಂದಷ್ಟೇ ಹೇಳಬಲ್ಲೆ.

ನನ್ನಂಥವನಿಗೆ ರುಚಿಸುವುದು ಕಾಗದಪತ್ರದ ಭಾಗ. ಕಂಪನಿಯ ಚಹಾ ಹೊತ್ತ ಡಾರ್ಟ್‌ಮೌತ್ ಹಡಗು 1773ರ ನವೆಂಬರ್ 28ರಂದು ಬಾಸ್ಟನ್ನಿಗೆ ಬಂತು. 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಕಸ್ಟಮ್ಸ್ ವಶ. ಇಳಿಸದೆ ಹಿಂದಿರುಗೋಣವೆಂದರೆ ಬಂದರು ಬಿಡಲು ಕ್ಲಿಯರೆನ್ಸ್ ಇಲ್ಲ. ಡಿಸೆಂಬರ್ 16ರಂದು ಹಡಗಿನ ಮಾಲೀಕ ರಾಚ್, ಮಿಲ್ಟನ್ನಿನಲ್ಲಿದ್ದ ಗವರ್ನರರ ಬಳಿ ಹೋಗಿ ಪಾಸ್ ಕೇಳಿದ, ಅವರು ಕೊಡಲಿಲ್ಲ. ಬೆಳಗಾದರೆ ಗಡುವು. ಆ ರಾತ್ರಿ ಮೂರು ಹಡಗುಗಳ 342 ಪೆಟ್ಟಿಗೆ ನೀರುಪಾಲು. ಫಿಲಡೆಲ್ಫಿಯಾದವರು ಜಾಣರು: ಕಸ್ಟಮ್ಸಿನಲ್ಲಿ ಎಂಟ್ರಿ ಆಗುವ ಮೊದಲೇ ಹಡಗನ್ನು ತಡೆದು ತಿರುಗಿಸಿದರು. ಒಂದು ಪೆಟ್ಟಿಗೆಯೂ ಒದ್ದೆಯಾಗಲಿಲ್ಲ.

ನಮ್ಮಲ್ಲೂ ಸರಕು ಇಳಿದು 30 ದಿನದಲ್ಲಿ ಬಿಡಿಸಿಕೊಳ್ಳದಿದ್ದರೆ, ನೋಟಿಸ್ ಕೊಟ್ಟು ಮಾರಲು ಕಾನೂನಿನಲ್ಲಿ ಅವಕಾಶವಿದೆ; ಪ್ರತಿ ಪ್ರಕರಣದಲ್ಲೂ ಹಾಗೇ ಆಗುತ್ತದೆ ಎಂದು ಹೇಳುತ್ತಿಲ್ಲ. ನನ್ನ ಒಬ್ಬ ಗೋಡಂಬಿ ಗಿರಾಕಿ, ಚಿನ್ನದಂಥ ಮನುಷ್ಯ, ದರ ಇಳಿಯಲಿ ಎಂದು ಆಫ್ರಿಕದಿಂದ ಬಂದ ಕಂಟೇನರುಗಳನ್ನು ಬಂದರಿನಲ್ಲೇ ಬಿಟ್ಟು ಕುಳಿತರು. ದರ ಅಲ್ಲೇ ಇತ್ತು, ಬಾಡಿಗೆ ಬೆಳೆಯಿತು. ಹೆದರಿಸೋಣವೆಂದು ಅವರಿಗೆ ಅಮೆರಿಕದ ಇನ್ನೊಂದು ಬಂದರು ಚಾರ್ಲ್ಸ್‌ಟನ್ನಿನ ಕಥೆ ಹೇಳಿದೆ: ಅಲ್ಲಿಗೆ ಬಂದ ಚಹಾದ 257 ಪೆಟ್ಟಿಗೆಗಳನ್ನು ಗಡುವು ಮುಗಿದೊಡನೆ ಕಸ್ಟಮ್ಸಿನವರು ವಶಪಡಿಸಿಕೊಂಡು ನೆಲಮಾಳಿಗೆಗೆ ಹಾಕಿದರು, 1776ರಲ್ಲಿ ಅದೇ ಚಹಾವನ್ನು ಕ್ರಾಂತಿಕಾರರು ಮಾರಿ ದುಡ್ಡು ಮಾಡಿಕೊಂಡರು.

ಅವರ ಮುಖ ಅರಳಿತು. “ಅಷ್ಟು ವರ್ಷ ಇಟ್ಟ ಮೇಲೂ ಮಾರಾಟವಾಯಿತೇ? ಹಾಗಾದರೆ ಇನ್ನೊಂದು ವಾರ ನೋಡೋಣ.”