ಎರಡು ಗಂಟೆ ತಡವಾದ ಇಮೇಲ್

2007ರ ಏಪ್ರಿಲ್ 16, ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ. ಬೆಳಿಗ್ಗೆ ಸುಮಾರು 7.15ಕ್ಕೆ ಒಂದು ಹಾಸ್ಟೆಲಿನಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಗುಂಡು ಬಿತ್ತು. ಪೊಲೀಸರು ಬೇಗನೇ ಬಂದರು. ಆದರೆ ಕ್ಯಾಂಪಸ್ಸಿನ ಉಳಿದವರಿಗೆ ವಿಷಯ ತಿಳಿಸುವ ಮೊದಲ ಇಮೇಲ್ ಹೊರಟಿದ್ದು 9.26ಕ್ಕೆ. ಅಷ್ಟರಲ್ಲಿ ಎಲ್ಲರೂ ಎಂದಿನಂತೆ ಕ್ಲಾಸಿನಲ್ಲಿ ಕೂತಾಗಿತ್ತು. ಇನ್ನು ಕಾಲು ಗಂಟೆಯಾಗುವುದರೊಳಗೆ ಅದೇ ಹಂತಕ ನಾರಿಸ್ ಹಾಲ್ ಕಟ್ಟಡದ ಮುಖ್ಯ ಬಾಗಿಲುಗಳಿಗೆ ಒಳಗಿನಿಂದ ಚೈನ್ ಬಿಗಿದು, ಹತ್ತು-ಹನ್ನೊಂದು ನಿಮಿಷಗಳಲ್ಲಿ 30 ಜನರನ್ನು ಕೊಂದ.

ಸರ್ವರ್ ಕೆಟ್ಟಿತ್ತಾ? ಇಲ್ಲ. ಕ್ಯಾಂಪಸ್ ಪೊಲೀಸರು ತಾವೇ ಎಲ್ಲರಿಗೂ ಸಂದೇಶ ಕಳಿಸುವ ಹಾಗಿರಲಿಲ್ಲ. ಆಡಳಿತದ ಹಿರಿಯರು ಸೇರಬೇಕು, ಮಾತಾಡಬೇಕು, ಒಕ್ಕಣೆ ಒಪ್ಪಬೇಕು. ಹಾಸ್ಟೆಲಿನಲ್ಲಿ ನಡೆದದ್ದು ವೈಯಕ್ತಿಕ ಜಗಳ ಇರಬೇಕು ಅನ್ನುವ ಪೊಲೀಸರ ಊಹೆಯೂ ಜೊತೆಗೆ ಸೇರಿತು. ಕೊನೆಗೆ ಬಂದ ಮೇಲ್ ಕೂಡ 'ಗುಂಡಿನ ಘಟನೆ ನಡೆದಿದೆ, ತನಿಖೆ ನಡೆಯುತ್ತಿದೆ, ಎಚ್ಚರವಾಗಿರಿ' ಅನ್ನುವಷ್ಟಕ್ಕೇ ನಿಂತಿತ್ತು. ಹಂತಕ ಇನ್ನೂ ಸಿಕ್ಕಿಲ್ಲ ಅನ್ನುವ ಮಾತೇ ಇರಲಿಲ್ಲ.

2008ರಲ್ಲಿ ಅಮೆರಿಕ ಕಾನೂನು ತಿದ್ದಿತು. ಅಪಾಯ ಖಚಿತವಾದ ಕೂಡಲೇ ಕ್ಯಾಂಪಸ್ಸಿಗೆ ತಿಳಿಸುವುದು ಕಡ್ಡಾಯವಾಯಿತು. ಹಾಗಂತ ಬಟನ್ ಒತ್ತುವ ಅಧಿಕಾರವನ್ನು ಸುಮ್ನೆ ಹಂಚಿಬಿಟ್ಟರೆ ಬೇರೆ ತಾಪತ್ರಯ. 2018ರ ಜನವರಿಯಲ್ಲಿ ಹವಾಯಿ ರಾಜ್ಯದ ಜನರ ಫೋನಿಗೆಲ್ಲ ಕ್ಷಿಪಣಿ ಬರುತ್ತಿದೆ ಎಂಬ ಸುಳ್ಳು ಎಚ್ಚರಿಕೆ ಹೋಯಿತು, ತಪ್ಪಾಯ್ತು ಅಂತ ಇನ್ನೊಂದು ಸಂದೇಶ ಕಳಿಸಲು 38 ನಿಮಿಷ ಬೇಕಾಯಿತು, ಯಾಕಂದ್ರೆ ಹಾಗೆ ಹೇಳುವ ಸಂದೇಶವನ್ನು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ!

ಸರಿ, ಬಟನ್ ಒತ್ತಿದರು ಅಂದುಕೊಳ್ಳಿ. ಸಂದೇಶ ಹೇಗೆ ಹೋಗುತ್ತೆ? ಎಸ್‌ಎಂಎಸ್ ಅಂದರೆ ಪೋಸ್ಟ್‌ಮ್ಯಾನ್ ಮನೆಮನೆಗೆ ಕಾಗದ ಹಂಚಿದ ಹಾಗೆ. ಒಂದೊಂದು ನಂಬರ್ ಎಲ್ಲಿದೆ ಅಂತ ನೆಟ್‌ವರ್ಕ್ ಹುಡುಕಿ, ಒಂದೊಂದಾಗಿ ತಲುಪಿಸಬೇಕು. ಮೂವತ್ತು ಸಾವಿರ ಜನರಿದ್ದರೆ ಸಾಲು ಉದ್ದ. ಅದೇ ಹೊತ್ತಿಗೆ ಎಲ್ಲರೂ ಮನೆಗೆ ಫೋನ್ ಹಚ್ಚುತ್ತಿರುತ್ತಾರೆ ಬೇರೆ. ಸೆಲ್ ಬ್ರಾಡ್‌ಕಾಸ್ಟ್ ಹಾಗಲ್ಲ. ಟವರ್ ಒಂದೇ ಸಲ ಸಂದೇಶ ಬಿತ್ತರಿಸುತ್ತದೆ, ವ್ಯಾಪ್ತಿಯಲ್ಲಿರುವ ಫೋನ್‌ಗಳೆಲ್ಲ ಅದನ್ನು ಹಿಡಿಯುತ್ತವೆ. ಯಾರ ನಂಬರೂ ಬೇಕಿಲ್ಲ, ಹತ್ತು ಜನರಿದ್ದರೂ ಹತ್ತು ಸಾವಿರ ಜನರಿದ್ದರೂ ಹೊರೆ ಅಷ್ಟೇ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಫೋನ್‌ಗಳೆಲ್ಲ ಒಟ್ಟಿಗೇ ಕಿರುಚಿಕೊಂಡವಲ್ಲ, ಅದು ಇದರದೇ ಪರೀಕ್ಷೆ. ಆದರೆ ಟವರ್ ಸಿಗ್ನಲ್ ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ, ಮತ್ತು ಈ ವ್ಯವಸ್ಥೆ ಇರುವುದು ಸರ್ಕಾರದ ಕೈಯಲ್ಲಿ, ಕುಲಸಚಿವರ ಕೈಯಲ್ಲಲ್ಲ. ಅದಕ್ಕೇ ವರ್ಜೀನಿಯಾ ಟೆಕ್ ಎಸ್‌ಎಂಎಸ್, ಇಮೇಲ್ ಜೊತೆಗೆ ಕ್ಲಾಸ್‌ರೂಮುಗಳಲ್ಲೇ ಎಲೆಕ್ಟ್ರಾನಿಕ್ ಫಲಕ ಹಾಕಿತು. ಫೋನ್ ಸೈಲೆಂಟಿನಲ್ಲಿದ್ದರೂ ಗೋಡೆ ಮೇಲಿನ ಅಕ್ಷರ ಕಣ್ಣಿಗೆ ಬೀಳುತ್ತೆ.

ನನ್ನ ಕೇಳಿದರೆ ಇದಕ್ಕಿಂತ ಕಷ್ಟದ್ದು ಎದುರು ದಿಕ್ಕಿನ ಕೆಲಸ. ಸಹಾಯ ಕೇಳಿದವರು ಎಲ್ಲಿದ್ದಾರೆ ಅಂತ ಕಂಡುಹಿಡಿಯುವುದು. ಜಿಪಿಎಸ್ ಸಿಗ್ನಲ್ ಕಾಂಕ್ರೀಟ್ ಛಾವಣಿ ದಾಟುವಾಗ ಸೊರಗುತ್ತದೆ. ಕಟ್ಟಡ ಗೊತ್ತಾದರೂ ಮಹಡಿ ಗೊತ್ತಾಗುವುದಿಲ್ಲ. ಇಲ್ಲಿ ಒಂದು ಚಂದದ ಉಪಾಯವಿದೆ. ಹಲವು ಸ್ಮಾರ್ಟ್‌ಫೋನ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಒಂದು ಮೀಟರ್ ಮೇಲೇರಿದರೆ ಒತ್ತಡ ಸುಮಾರು 12 ಪ್ಯಾಸ್ಕಲ್ ಇಳಿಯುತ್ತದೆ, ಒಂದು ಮಹಡಿಗೆ 35ರ ಆಸುಪಾಸು. ಒಟ್ಟು ಒತ್ತಡ ಒಂದು ಲಕ್ಷ ಪ್ಯಾಸ್ಕಲ್ಲಿನ ಹತ್ತಿರ ಇರುವಾಗ ಇದು ಚಿಟಿಕೆಯಷ್ಟು, ಆದರೂ ಸೆನ್ಸರ್ ಗುರುತಿಸುತ್ತದೆ. ತೊಡಕು ಏನಂದ್ರೆ ಮೋಡ ಕವಿದರೂ ಒತ್ತಡ ಬದಲಾಗುತ್ತದೆ, ಇದಕ್ಕಿಂತ ಜಾಸ್ತಿಯೇ. ಹಾಗಾಗಿ ಹತ್ತಿರದಲ್ಲೇ, ಎತ್ತರ ಗೊತ್ತಿರುವ ಜಾಗದಲ್ಲಿ ಒತ್ತಡ ಎಷ್ಟಿದೆ ಅಂತ ನೋಡಿ ಹೋಲಿಸಬೇಕು.

ನಮ್ಮಲ್ಲಿ 112ಕ್ಕೆ ಕರೆ ಮಾಡಿದವರು ಈಗಲೂ ಬಾಯಲ್ಲೇ ಜಾಗ ಹೇಳುವುದು ಒಳ್ಳೆಯದು: ಯಾವ ಬ್ಲಾಕ್, ಎಷ್ಟನೇ ಮಹಡಿ, ಯಾವ ಗೇಟು. ಆದರೆ ನೂರಾರು ಎಕರೆ ಕ್ಯಾಂಪಸ್ಸಿಗೆ ಹೊಸದಾಗಿ ಬಂದ ಹುಡುಗಿಗೆ ಅದು ಹೇಗೆ ಗೊತ್ತಿರಬೇಕು? ಪ್ರತಿ ಕಟ್ಟಡಕ್ಕೂ, ಪ್ರತಿ ಮೆಟ್ಟಿಲ ಬಳಿಯೂ ದೊಡ್ಡದಾಗಿ ನಂಬರ್ ಬರೆಸಿ, ಅದೇ ನಂಬರಿನ ನಕ್ಷೆಯನ್ನು ಪೊಲೀಸ್ ಮತ್ತು ಆಂಬುಲೆನ್ಸ್ ಕಂಟ್ರೋಲ್ ರೂಮಿಗೆ ಕೊಟ್ಟಿಡಬಹುದು. ರಾತ್ರಿ ಯಾವ ಗೇಟು ತೆರೆದಿರುತ್ತೆ ಅನ್ನೋದನ್ನೂ ಅದರಲ್ಲೇ ಗುರುತು ಹಾಕಿದರಾಯಿತು.