ಟೌನ್ಸ್‌ವಿಲ್‌ನ ಮನೆಗೆ ವಿಮೆ ಯಾಕಿಷ್ಟು ದುಬಾರಿ?

"ಅಕ್ಕಾ, ಇದರಲ್ಲಿ ಅಂಕಿ ಏನೋ ತಪ್ಪಾಗಿ ಬಿದ್ದಿದೆ ಅನ್ಸುತ್ತೆ, ನೋಡ್ತೀರಾ?"

ಫೋನಿನಲ್ಲಿ ಹಾಗೆ ಕೇಳಿದವಳು ಹಾಸನದ ಕಡೆಯ ಹುಡುಗಿ. ನರ್ಸ್. ಮೆಲ್ಬರ್ನ್‌ನಲ್ಲಿ ಆರು ವರ್ಷ ಇದ್ದು, ಗಂಡ ಮತ್ತು ಮಗುವಿನ ಜೊತೆ ಆಸ್ಟ್ರೇಲಿಯಾದ ಉತ್ತರಕ್ಕೆ, ಚಂಡಮಾರುತಗಳು ಬಡಿಯುವ ಕ್ವೀನ್ಸ್‌ಲ್ಯಾಂಡ್‌ನ ಟೌನ್ಸ್‌ವಿಲ್‌ಗೆ ಬಂದಿದ್ದಳು. ರೈಲ್ವೆ ಎಸ್ಟೇಟ್ ಬಡಾವಣೆಯಲ್ಲಿ ಒಂದು ಹಳೆಯ ಮರದ ಮನೆ ನೋಡಿದ್ದರು. ಮನೆಗೂ ಒಳಗಿನ ಸಾಮಾನಿಗೂ ಸೇರಿಸಿ ವರ್ಷಕ್ಕೆ ಸುಮಾರು 4,600 ಡಾಲರ್ ಎಂದು ವಿಮೆಯ ದರದ ಕೋಟ್ ಬಂದಿತ್ತು. ಮೆಲ್ಬರ್ನ್‌ನಲ್ಲಿ ಅವರು ಕಟ್ಟುತ್ತಿದ್ದುದು ಅದರ ಮೂರನೇ ಒಂದು ಭಾಗವೂ ಅಲ್ಲ.

ಅಂಕಿ ತಪ್ಪಾಗಿರಲಿಲ್ಲ. ನಾನು ಇಲ್ಲಿ ವಿಮಾ ಬ್ರೋಕರ್ ಆಗಿ ಹತ್ತು ವರ್ಷದ ಮೇಲಾಯಿತು. ದಕ್ಷಿಣದಿಂದ ಬರುವ ನಮ್ಮ ಜನರೆಲ್ಲ ಮೊದಲ ಸಲ ಬೆಚ್ಚಿಬೀಳುವುದು ಇಲ್ಲೇ. ಸರ್ಕಾರದ ಸ್ಪರ್ಧಾ ಆಯೋಗ ಉತ್ತರ ಆಸ್ಟ್ರೇಲಿಯಾದ ವಿಮೆಯ ಬಗ್ಗೆ ಮೂರು ವರ್ಷ ವಿಚಾರಣೆ ಮಾಡಿ 2020ರ ಕೊನೆಗೆ ವರದಿ ಕೊಟ್ಟಿತು. 2018-19ರಲ್ಲಿ ಉತ್ತರದ ಮನೆಗಳ ಸರಾಸರಿ ಪ್ರೀಮಿಯಂ ಸುಮಾರು 2,500 ಡಾಲರ್, ಉಳಿದ ದೇಶದಲ್ಲಿ ಸುಮಾರು 1,400. ಇದು ಬರೀ ಸರಾಸರಿ. ಹಳೆಯ ಮನೆ, ತಗ್ಗಿನ ಜಾಗ ಎಂದರೆ ಎಷ್ಟೋ ಪಟ್ಟು ಮೇಲೆ ಹೋಗುತ್ತದೆ. ಉತ್ತರದಲ್ಲಿ ಸುಮಾರು ಐದರಲ್ಲಿ ಒಂದು ಮನೆಗೆ ಕಟ್ಟಡದ ವಿಮೆಯೇ ಇಲ್ಲ ಎಂದೂ ಆ ವರದಿ ಹೇಳಿತು. ನನ್ನನ್ನು ಹೆಚ್ಚು ಕಾಡುವುದು ಈ ಮಾತು.

ಅವಳ ಮುಂದಿನ ಪ್ರಶ್ನೆ ನನಗೆ ಗೊತ್ತಿದ್ದದ್ದೇ. "ಮನೆಯ ವಿಮೆ ಮೊತ್ತ ಏಳು ಲಕ್ಷ ಅಂತ ಇದೆ. ಐದು ಲಕ್ಷಕ್ಕೆ ಇಳಿಸಿದ್ರೆ?"

ಇಳಿಸಿ ತೋರಿಸಿದೆ. ಮೊತ್ತ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು, ಪ್ರೀಮಿಯಂ ಮಾತ್ರ ಸ್ವಲ್ಪವೇ ಇಳಿಯಿತು. ಯಾಕೆ ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಚಂಡಮಾರುತದಲ್ಲಿ ಹೆಚ್ಚಿನ ಮನೆಗಳು ಪೂರ್ತಿ ನೆಲಸಮ ಆಗುವುದಿಲ್ಲ. ಒಂದು ಬದಿಯ ತಗಡು ಹೋಗುತ್ತದೆ, ಮಳೆ ಒಳಗೆ ನುಗ್ಗುತ್ತದೆ, ಸೀಲಿಂಗ್ ಕುಸಿಯುತ್ತದೆ. ಎಂಬತ್ತು ಸಾವಿರ, ಒಂದೂವರೆ ಲಕ್ಷ ಡಾಲರ್ ಖರ್ಚು. ನಿಮ್ಮ ಮೊತ್ತ ಐದು ಲಕ್ಷ ಇದ್ದರೂ ಏಳು ಲಕ್ಷ ಇದ್ದರೂ ಆ ಖರ್ಚನ್ನು ಕಂಪನಿ ಹೇಗೂ ಕೊಡಬೇಕು. ಪ್ರೀಮಿಯಂನ ದೊಡ್ಡ ಪಾಲು ಈ ಅರ್ಧಂಬರ್ಧ ಹಾನಿಗೆ ಹೋಗುವುದು. ಹಾಗಾಗಿ ಮೇಲಿನ ಎರಡು ಲಕ್ಷಕ್ಕೆ ನೀವು ಕೊಡುವ ದುಡ್ಡು ಕಮ್ಮಿ. ಆದರೆ ಮನೆ ಪೂರ್ತಿ ಹೋಯಿತು ಅಂತ ಇಟ್ಟುಕೊಳ್ಳಿ, ಆಗ ನಿಮಗೆ ಬೇಕಾಗುವುದು ಆ ಎರಡು ಲಕ್ಷವೇ. ಊರಿಗೆ ಊರೇ ರಿಪೇರಿಗೆ ನಿಂತಾಗ ಬಡಗಿ ಸಿಗುವುದಿಲ್ಲ, ಮರ ಸಿಗುವುದಿಲ್ಲ, ಕೂಲಿ ಏರುತ್ತದೆ. ಮುರಿದದ್ದನ್ನು ತೆಗೆದು ಸಾಗಿಸುವುದಕ್ಕೇ ಹತ್ತಾರು ಸಾವಿರ ಬೇಕು. ವಿಮೆಯ ಮೊತ್ತ ಅಂದರೆ ನೀವು ಮನೆ ಕೊಂಡ ಬೆಲೆಯಲ್ಲ, ಅದೇ ಜಾಗದಲ್ಲಿ ಇವತ್ತಿನ ನಿಯಮದಂತೆ ಮತ್ತೆ ಕಟ್ಟುವ ಖರ್ಚು. ದುಡ್ಡು ಉಳಿಸಲೇಬೇಕಾದರೆ ಎಕ್ಸೆಸ್ ಏರಿಸಿ. ಅಂದರೆ ಪ್ರತಿ ಕ್ಲೈಮ್‌ನಲ್ಲಿ ನಿಮ್ಮ ಕೈಯಿಂದ ಹಾಕುವ ಮೊದಲ ಭಾಗ. ಅದು ಕೈಯಲ್ಲಿರುವ ಉಳಿತಾಯಕ್ಕೆ ಹೊಂದುವಷ್ಟಿರಲಿ, ಅಷ್ಟೇ. ಮೊತ್ತಕ್ಕೆ ಮಾತ್ರ ಕೈ ಹಾಕಬೇಡಿ.

ಇನ್ನು ಬೆಲೆ ಇಷ್ಟಾಗುವುದಕ್ಕೆ ಕಾರಣ. ಮೊದಲನೆಯದು ಮನೆ. ನನ್ನ ಅಜ್ಜನ ಮನೆ ಕುಂದಾಪುರದ ಹತ್ತಿರ. ಹಂಚಿನ ಮಾಡು, ಅಂದರೆ ಛಾವಣಿ. ಕೆಳಗೆ ರೀಪು, ಅಂದರೆ ಹಂಚು ಕೂರುವ ಅಡ್ಡಪಟ್ಟಿ. ಅದರ ಕೆಳಗೆ ಪಕಾಸು, ರೀಪನ್ನು ಹೊರುವ ಓರೆ ತೊಲೆ. ಮೇ ಕೊನೆಗೆ ಮಾಡು ನೋಡುವವರು ಬಂದು ಒಂದೊಂದು ರೀಪನ್ನೂ ಕೈಯಿಂದ ಅಲುಗಿಸಿ ನೋಡುತ್ತಿದ್ದರು. ಟೌನ್ಸ್‌ವಿಲ್‌ನ ಹಳೆಯ ಮನೆಗಳಲ್ಲೂ ಎಲ್ಲವೂ ನಿಂತಿರುವುದು ರೀಪಿನ ಆ ಬಿಗಿತದ ಮೇಲೆಯೇ. ತಗಡು ಎಷ್ಟೇ ಹೊಸದಿರಲಿ, ರೀಪು ಪಕಾಸಿಗೆ ಬರೀ ಒಂದೆರಡು ಮೊಳೆಯಲ್ಲಿ ನಿಂತಿದ್ದರೆ ಗಾಳಿ ತಗಡನ್ನು ರೀಪಿನ ಸಮೇತ ಎತ್ತಿಕೊಂಡು ಹೋಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಾಳಿ ಬೀಸುವ ಬದಿಯ ಗ್ಯಾರೇಜ್ ಬಾಗಿಲು ಒಳಕ್ಕೆ ಬಗ್ಗಿ ಕಳಚಿದರೆ ಮನೆ ಬಲೂನಿನ ಹಾಗೆ ಉಬ್ಬುತ್ತದೆ. ಆಗ ಮಾಡನ್ನು ಮೇಲಿನಿಂದ ಗಾಳಿ ಎಳೆಯುತ್ತದೆ, ಒಳಗಿನಿಂದ ಒತ್ತಡ ನೂಕುತ್ತದೆ.

ಇದನ್ನು ಇಲ್ಲಿಯವರು ತುಂಬಾ ಕಷ್ಟಪಟ್ಟು ಕಲಿತರು. 1971ರ ಕ್ರಿಸ್ಮಸ್‌ನ ಹಿಂದಿನ ದಿನ ಆಲ್ಥಿಯಾ ಎಂಬ ಚಂಡಮಾರುತ ಟೌನ್ಸ್‌ವಿಲ್‌ಗೆ ಬಡಿಯಿತು. ಮೂರು ವರ್ಷದ ನಂತರ ಕ್ರಿಸ್ಮಸ್ ದಿನವೇ ಟ್ರೇಸಿ ಡಾರ್ವಿನ್ ಊರನ್ನು ನೆಲಕ್ಕೆ ಹಾಕಿತು. 1977ರಲ್ಲಿ ಇಲ್ಲಿನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಮನೆಯ ಭಾಗಗಳನ್ನು ಗಾಳಿಯ ಒತ್ತಡಕ್ಕೆ ಒಡ್ಡಿ ಪರೀಕ್ಷಿಸುವ ಕೇಂದ್ರ ಶುರುವಾಯಿತು. ಎಂಬತ್ತರ ದಶಕದ ಮೊದಲಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕಟ್ಟಡ ನಿಯಮ ಬಿಗಿಯಾಯಿತು. ಮಾಡಿನಿಂದ ಅಡಿಪಾಯದ ತನಕ ಪಟ್ಟಿ, ಬೋಲ್ಟು, ರಾಡುಗಳ ಒಂದೇ ಸರಪಣಿ ಇರಬೇಕು ಅಂತಾಯಿತು. 2006ರ ಲ್ಯಾರಿ, 2011ರ ಯಾಸಿ ಬಂದಾಗ ಇದರ ಫಲ ಬೀದಿಯಲ್ಲೇ ಕಂಡಿತು. ಹೊಸ ನಿಯಮದ ಮನೆಗಳಲ್ಲಿ ಹೆಚ್ಚಿನವು ಗಟ್ಟಿಯಾಗಿ ನಿಂತವು, ಹಳೆಯವು ಜಾಸ್ತಿ ಪೆಟ್ಟು ತಿಂದವು. ಕಟ್ಟಿದ ವರ್ಷ ಯಾವುದು ಎಂದು ವಿಮಾ ಕಂಪನಿ ಕೇಳುವುದು ಇದಕ್ಕೇ. ಅವಳ ಮನೆ 1960ರ ದಶಕದ್ದು.

ಎರಡನೆಯದು ವಿಳಾಸ. ಮೊದಲು ಪಿನ್‌ಕೋಡ್ ನೋಡಿ ಬೆಲೆ ಹಾಕುತ್ತಿದ್ದರು. ಈಗ ಒಂದೊಂದು ಮನೆಗೂ ಬೇರೆ ಲೆಕ್ಕ. ಸಮುದ್ರ ಎಷ್ಟು ದೂರ, ನೆಲ ಎಷ್ಟು ಎತ್ತರ, ಹೊಳೆ ಯಾವ ಕಡೆ. ಒಂದೇ ರಸ್ತೆಯ ಎರಡು ಮನೆಗೆ ಸಾವಿರ ಡಾಲರ್ ವ್ಯತ್ಯಾಸ ಬಂದದ್ದನ್ನು ನಾನೇ ನೋಡಿದ್ದೇನೆ. ರೈಲ್ವೆ ಎಸ್ಟೇಟ್ ತಗ್ಗಿನ ಜಾಗ, ರಾಸ್ ನದಿಯ ಮಗ್ಗುಲು. 2019ರ ಫೆಬ್ರವರಿಯಲ್ಲಿ ಹತ್ತು ದಿನಕ್ಕೆ 1,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿದು, ಅಣೆಕಟ್ಟಿನ ಗೇಟು ಪೂರ್ತಿ ತೆರೆದು, ಈ ಕಡೆಯ ಎಷ್ಟೋ ಬಡಾವಣೆಗಳಿಗೆ ನೀರು ನುಗ್ಗಿತು. ಅದು ಚಂಡಮಾರುತವಾಗಿರಲಿಲ್ಲ, ಬರೀ ಮುಂಗಾರಿನ ವಾಯುಭಾರ ಕುಸಿತ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಒಂದು ಚಂಡಮಾರುತ ಮರುವಿಮೆ ಪೂಲ್, ಅಂದರೆ ಸಾಮೂಹಿಕ ನಿಧಿ, ಶುರು ಮಾಡಿದೆ. ವಿಮಾ ಕಂಪನಿಗಳೂ ತಮ್ಮ ಮೇಲೆ ಒಟ್ಟಿಗೆ ಬೀಳುವ ಹೊರೆಗೆ ವಿಮೆ ಮಾಡಿಸುತ್ತವೆ, ಅದೇ ಮರುವಿಮೆ. ಮೊದಲು ಅದನ್ನು ಜಗತ್ತಿನ ಮಾರುಕಟ್ಟೆಯಲ್ಲಿ ಕೊಳ್ಳಬೇಕಿತ್ತು. ಈಗ ಚಂಡಮಾರುತದ ಪಾಲನ್ನು ಸರ್ಕಾರದ ಪೂಲ್‌ನಿಂದ ಕೊಳ್ಳುತ್ತವೆ, ಹಿಂದೆ 10 ಬಿಲಿಯನ್ ಡಾಲರ್‌ನ ಸರ್ಕಾರಿ ಖಾತರಿ ಇದೆ. ಪೂಲ್ ಲಾಭಕ್ಕಾಗಿ ಅಲ್ಲ, ಹಾಗಾಗಿ ಅಪಾಯ ಜಾಸ್ತಿ ಇರುವ ಮನೆಗಳಿಗೆ ಸ್ವಲ್ಪ ಉಸಿರಾಡುವಂತಾಯಿತು. ಆದರೆ ಅದು ಹೊರುವುದು ಹವಾಮಾನ ಇಲಾಖೆ ಚಂಡಮಾರುತ ಅಂತ ಘೋಷಿಸಿದಲ್ಲಿಂದ ಅದು ಮುಗಿದ ಮೇಲೆ 48 ಗಂಟೆಯ ತನಕದ ಹಾನಿಯನ್ನು ಮಾತ್ರ. 2019ರಂಥ ಮಳೆ ಅದರಲ್ಲಿ ಬರುವುದಿಲ್ಲ. ಅಂಥ ನೆರೆಯ ಹೊರೆ ಕಂಪನಿಯ ತಲೆ ಮೇಲೇ ಇರುತ್ತದೆ, ಪ್ರೀಮಿಯಂನಲ್ಲೂ ಇರುತ್ತದೆ. ಗ್ರಾಹಕರು ಗಾಬರಿಯಾಗಬೇಕಿಲ್ಲ. ಈ 48 ಗಂಟೆಯ ಗೆರೆ ಕಂಪನಿಗೂ ಪೂಲ್‌ಗೂ ನಡುವಿನದು. ನಿಮ್ಮ ಪಾಲಿಸಿಯಲ್ಲಿ ನೆರೆಗೆ ರಕ್ಷಣೆ ಇದ್ದರೆ ಅದು ಇದ್ದೇ ಇದೆ. ಇದೆಯಾ ಅಂತ ಮಾತ್ರ ಓದಿ ನೋಡಿ. ಕಡಲ ನೀರು ಉಕ್ಕಿ ಬಂದರೆ ಏನು ಅನ್ನುವುದನ್ನು ಬೇರೆಯಾಗಿ ಕೇಳಿ, ಅದಕ್ಕೆ ಒಂದೊಂದು ಪಾಲಿಸಿಯ ಮಾತು ಒಂದೊಂದು ಥರ.

ತೆರಿಗೆ ವಿಷಯ ಹೇಳಲೇಬೇಕು, ಯಾಕೆಂದರೆ ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಮೂಲ ಪ್ರೀಮಿಯಂ 3,000 ಡಾಲರ್ ಆದರೆ ಶೇ 10 ಜಿಎಸ್‌ಟಿ ಸೇರಿ 3,300. ಆ 3,300ರ ಮೇಲೆ ಕ್ವೀನ್ಸ್‌ಲ್ಯಾಂಡ್‌ನ ಶೇ 9 ಸ್ಟ್ಯಾಂಪ್ ಡ್ಯೂಟಿ, 297. ಒಟ್ಟು 3,597. ತೆರಿಗೆಯ ಮೇಲೂ ತೆರಿಗೆ. ಅಪಾಯ ಜಾಸ್ತಿ ಇದ್ದವರೇ ಜಾಸ್ತಿ ತೆರಿಗೆ ಕಟ್ಟುವ ಹಾಗಾಗಿದೆ. ಸ್ಟ್ಯಾಂಪ್ ಡ್ಯೂಟಿ ತೆಗೆಯಿರಿ ಅಂತ ಆಯೋಗವೂ ಹೇಳಿತ್ತು.

ಅವಳು ಮನೆ ಕೊಂಡಳು, ಏಳು ಲಕ್ಷಕ್ಕೇ ವಿಮೆ ಮಾಡಿಸಿದಳು, ಎಕ್ಸೆಸ್ ಏರಿಸಿದಳು. ಕರಾರಿಗೆ ಸಹಿ ಹಾಕಿದ ದಿನವೇ ಪಾಲಿಸಿ ತೆಗೆಸಿದೆ. ಕ್ವೀನ್ಸ್‌ಲ್ಯಾಂಡ್‌ನ ಸಾಮಾನ್ಯ ಕರಾರಿನಲ್ಲಿ ಮುಂದಿನ ಕೆಲಸದ ದಿನ ಸಂಜೆ 5 ಗಂಟೆಗೆ ಮನೆಗಾಗುವ ಹಾನಿಯ ಹೊಣೆ ಕೊಳ್ಳುವವರ ತಲೆಗೆ ಬರುತ್ತದೆ, ಕೀಲಿ ಕೈಗೆ ಬರುವ ಎಷ್ಟೋ ದಿನ ಮೊದಲು. ಇನ್ನೊಂದು: ಮನೆ ಈಗಾಗಲೇ ನಿಮ್ಮದಾಗಿದ್ದು ವಿಮೆ ಇಲ್ಲದಿದ್ದರೆ, ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ನನಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಹೆಚ್ಚಿನ ಪಾಲಿಸಿಗಳಲ್ಲಿ ಮೊದಲ 72 ಗಂಟೆ ಚಂಡಮಾರುತಕ್ಕೆ ರಕ್ಷಣೆ ಇರುವುದಿಲ್ಲ. ಎಷ್ಟೋ ಕಂಪನಿಗಳು ಆಗ ಹೊಸ ಪಾಲಿಸಿ ಮಾರುವುದನ್ನೇ ನಿಲ್ಲಿಸುತ್ತವೆ. 2025ರ ಮಾರ್ಚ್‌ನಲ್ಲಿ ಆಲ್ಫ್ರೆಡ್ ಬ್ರಿಸ್ಬೇನ್ ಕಡೆ ತಿರುಗಿದಾಗ ಅಲ್ಲಿನ ನಮ್ಮ ಕನ್ನಡದ ಮನೆಗಳಿಂದ ನನಗೆ ಬಂದ ಫೋನ್‌ಗಳು ಇಂಥವೇ. ಏನೂ ಮಾಡಲಾಗಲಿಲ್ಲ.

ಮೊದಲ ವರ್ಷದಲ್ಲೇ ಅವರು ಒಬ್ಬ ಬಿಲ್ಡರನ್ನು ಮಾಡಿನೊಳಗೆ ಹತ್ತಿಸಿ ನೋಡಿಸಿದರು. ರೀಪುಗಳು ಮೊಳೆಯಲ್ಲೇ ನಿಂತಿದ್ದವು. ಉದ್ದದ ಸ್ಕ್ರೂ, ಪಟ್ಟಿ ಹಾಕಿಸಿದರು. ಗ್ಯಾರೇಜಿಗೆ ಗಾಳಿ ತಡೆಯುವ ಬಾಗಿಲು ಬಂತು. 1984ಕ್ಕಿಂತ ಮೊದಲಿನ ಕರಾವಳಿ ಮನೆಗಳಿಗೆ ಇಂಥ ಕೆಲಸಕ್ಕೆ ರಾಜ್ಯ ಸರ್ಕಾರ ಧನಸಹಾಯ ಕೊಟ್ಟದ್ದುಂಟು, ಅರ್ಜಿ ತೆರೆದಿದೆಯಾ ಅಂತ ವಿಚಾರಿಸಿ. ಬಿಲ್ಲು, ಫೋಟೊ, ಬಿಲ್ಡರನ ಪತ್ರ ಎಲ್ಲ ಸೇರಿಸಿ ನವೀಕರಣಕ್ಕೆ ಮೊದಲೇ ಕಂಪನಿಗೆ ಕಳಿಸಿದೆ. ಸುಮಾರು 500 ಡಾಲರ್ ಇಳಿಯಿತು. ಅವಳಿಗೆ ಇನ್ನೂ ಇಳಿಯಬೇಕಿತ್ತು ಅನ್ನಿಸಿತು, ನನಗೂ ಅನ್ನಿಸಿತು. ಬೇರೆ ಮೂರು ಕಂಪನಿಗೆ ಅದೇ ಕಾಗದ ಕಳಿಸಿದ್ದೇನೆ. ಇಲ್ಲಿ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್ ತನಕ. ಅಕ್ಟೋಬರ್ ಮುಗಿಯುವುದರೊಳಗೆ ಉತ್ತರ ಬರಬೇಕು.